ಎಷ್ಟು ಅಂತ ಮೊದಲು ಹೇಳು

ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ, ಅಂದರೆ ಲೆಂಟ್, ಶುರುವಾಗುವ ಮುಂಚೆಯೇ ಪಾಸ್ಟರ್ ಫೋನ್ ಮಾಡಿದ್ದರು. "ಈ ಸಲ ಶುಭ ಶುಕ್ರವಾರ ಆರನೇ ಮಾತು ನಿಮ್ಮದು. ಹದಿನೈದು ನಿಮಿಷ. ಜಾಸ್ತಿ ಎಳೀಬೇಡಿ ಬ್ರದರ್," ಅಂದರು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ ಆರಾಧನೆ ಇರುತ್ತದೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಏಳು ಜನ ಮಾತಾಡುತ್ತಾರೆ. ಮೊದಲನೇ ಮಾತು ಸಿಕ್ಕವರು ಪುಣ್ಯವಂತರು. "ತಂದೆಯೇ, ಅವರಿಗೆ ಕ್ಷಮಿಸು" ಅನ್ನುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ಆರನೇ ಮಾತಿನ ಹೊತ್ತಿಗೆ ಎರಡು ಗಂಟೆ ದಾಟಿರುತ್ತದೆ. ಬೆಂಗಳೂರಿನ ಬಿಸಿಲು, ಉಪವಾಸದ ಹೊಟ್ಟೆ, ತಲೆ ಮೇಲೆ ಕಿರ್ರ್ ಅನ್ನೋ ಫ್ಯಾನು. ಅರ್ಧ ಸಭೆ ತೂಕಡಿಸುತ್ತಿರುತ್ತದೆ.

ಆರನೇ ಮಾತು ನಮ್ಮ ಕನ್ನಡ ಬೈಬಲಿನಲ್ಲಿ ಒಂದೇ ಪದ. ತೀರಿತು. ಯೋಹಾನ 19:30.

ಮೂಲ ಗ್ರೀಕಿನಲ್ಲೂ ಅದು ಒಂದೇ ಪದ, ತೆತೆಲೆಸ್ತಾಯ್. ಮುಗಿಯಿತು, ನೆರವೇರಿತು ಅಂತ ಅರ್ಥ. ಮತ್ತಾಯ 17ರಲ್ಲಿ ದೇವಾಲಯದ ತೆರಿಗೆ ಕಟ್ಟುವುದಕ್ಕೂ ಇದೇ ಕ್ರಿಯಾಪದ ಬರುತ್ತದೆ. ಆದರೆ ನನಗೆ ಗ್ರೀಕ್ ಬೇಕಾಗಲಿಲ್ಲ. ಇಡೀ ಬೈಬಲ್ ಕನ್ನಡದಲ್ಲಿ ಮೊದಲು ಅಚ್ಚಾಗಿದ್ದು 1831ರಲ್ಲಿ, ಬಳ್ಳಾರಿಯಲ್ಲಿ. ಆಮೇಲೆ ಎಷ್ಟೋ ಕೈಗಳು ಅದನ್ನು ತಿದ್ದಿವೆ. ಅದರಲ್ಲಿ ಯಾವ ಪುಣ್ಯಾತ್ಮ ಇಲ್ಲಿ "ತೀರಿತು" ಅಂತ ಬರೆದನೋ, ಅವನ ಕೈಗೊಂದು ನಮಸ್ಕಾರ. ಕನ್ನಡದಲ್ಲಿ ಸಾಲ ತೀರುತ್ತದೆ. ಹರಕೆ ತೀರಿಸುತ್ತೇವೆ. ಸೇಡು ತೀರಿಸಿಕೊಳ್ಳುತ್ತೇವೆ. ಡಬ್ಬಿಯಲ್ಲಿ ಅಕ್ಕಿ ತೀರಿಹೋಗುತ್ತದೆ. ವಯಸ್ಸಾದವರು ತೀರಿಕೊಳ್ಳುತ್ತಾರೆ. ಕೋರ್ಟಿನಲ್ಲಿ ಕೊನೆಗೆ ಬರುವುದು ತೀರ್ಪು.

ಸಾಲ, ಸಾವು, ತೀರ್ಪು. ಮೂರಕ್ಕೂ ಒಂದೇ ಬೇರಿನಿಂದ ಹುಟ್ಟಿದ ಮಾತುಗಳು. ಸಾವಿರ ವರ್ಷದಿಂದ ದೇವಶಾಸ್ತ್ರದ ಪಂಡಿತರು ಹೊಲಿಯಲು ಒದ್ದಾಡುತ್ತಿರುವ ಮೂರು ಬಟ್ಟೆ ತುಂಡುಗಳೂ ಇವೇ.

ಒದ್ದಾಟ ಏನು ಅಂದರೆ, ದೇವರು ನ್ಯಾಯವಂತ ಅಂತೀವಿ. ತಪ್ಪು ಮಾಡಿದವನನ್ನು ಸುಮ್ನೆ ಬಿಟ್ಟರೆ ಅದು ನ್ಯಾಯ ಅಲ್ಲ. ದೇವರು ಕರುಣಾಮಯಿ ಅಂತಲೂ ಅಂತೀವಿ. ಒಬ್ಬರನ್ನೂ ಬಿಡದೆ ವಸೂಲಿ ಮಾಡಿದರೆ ಅದು ಕರುಣೆ ಅಲ್ಲ. ಎರಡೂ ಒಟ್ಟಿಗೆ ಹೇಗೆ?

ಸಂಡೇ ಸ್ಕೂಲಿನಲ್ಲಿ ನಮಗೆ ಇದಕ್ಕೊಂದು ಕಥೆ ಹೇಳುತ್ತಿದ್ದರು. ಒಬ್ಬ ಜಡ್ಜ್. ಕಟಕಟೆಯಲ್ಲಿ ಅವನದೇ ಮಗ. ತಪ್ಪು ಸಾಬೀತಾಗಿದೆ. ಬಿಟ್ಟರೆ ನ್ಯಾಯ ಹೋಯಿತು, ಶಿಕ್ಷೆ ಕೊಟ್ಟರೆ ಮಗ ಹೋದ. ಜಡ್ಜ್ ದೊಡ್ಡ ದಂಡ ಹಾಕುತ್ತಾನೆ. ಆಮೇಲೆ ಕರಿ ಕೋಟು ಬಿಚ್ಚಿಟ್ಟು, ಕೆಳಗಿಳಿದು ಬಂದು, ತನ್ನ ಜೇಬಿನಿಂದಲೇ ಆ ದಂಡ ಕಟ್ಟುತ್ತಾನೆ. ಟೀಚರ್ ಇಷ್ಟು ಹೇಳಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನಮಗೂ ಗಂಟಲು ಕಟ್ಟುತ್ತಿತ್ತು.

ದೊಡ್ಡವನಾದ ಮೇಲೆ ಅನುಮಾನ ಶುರುವಾಯಿತು. ದಂಡವಾದರೆ ಸರಿ. ದುಡ್ಡಿನ ಮೇಲೆ ಯಾರ ಹೆಸರೂ ಇರಲ್ಲ, ಯಾರು ಕಟ್ಟಿದರೂ ರಸೀದಿ ಸಿಗುತ್ತದೆ. ನೇಣಾದರೆ? ಒಬ್ಬನ ಕೊಲೆಗೆ ಇನ್ನೊಬ್ಬನನ್ನು ನೇಣಿಗೆ ಹಾಕಿದರೆ ಅದನ್ನು ಯಾವ ಊರಲ್ಲೂ ನ್ಯಾಯ ಅನ್ನಲ್ಲ. ಬೈಬಲ್ಲೇ ಅನ್ನಲ್ಲ. ಅಪ್ಪನ ತಪ್ಪಿಗೆ ಮಗನಿಗೂ, ಮಗನ ತಪ್ಪಿಗೆ ಅಪ್ಪನಿಗೂ ಮರಣಶಿಕ್ಷೆ ಕೂಡದು ಅಂತ ಧರ್ಮೋಪದೇಶಕಾಂಡ 24 ಹೇಳುತ್ತದೆ. ಜ್ಞಾನೋಕ್ತಿ 17:15 ಇನ್ನೂ ಖಾರ: ದುಷ್ಟನನ್ನು ನಿರಪರಾಧಿ ಅನ್ನುವವನೂ ನೀತಿವಂತನನ್ನು ಅಪರಾಧಿ ಅನ್ನುವವನೂ ಇಬ್ಬರೂ ಕರ್ತನಿಗೆ ಅಸಹ್ಯ. ಶುಭ ಶುಕ್ರವಾರ ಇವೆರಡೂ ಒಂದೇ ಬೆಳಿಗ್ಗೆ ನಡೆದುಹೋದವು. ಕೊಲೆಗಾರ ಬರಬ್ಬನನ್ನು ಬಿಟ್ಟರು, ಯೇಸುವನ್ನು ಹಿಡಿದು ಕೊಟ್ಟರು. ಇದರಲ್ಲಿ ನ್ಯಾಯ ಎಲ್ಲಿದೆ ಅಂತ ಹುಡುಕೋದು?

ಈ ಪ್ರಶ್ನೆ ಕೇಳಿದವರಲ್ಲಿ ನಾನು ಮೊದಲಿಗನಲ್ಲ ಅಂತ ಆಮೇಲೆ ಗೊತ್ತಾಯಿತು. ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅನ್ಸೆಲ್ಮ್, ದೇವರು ಯಾಕೆ ಮನುಷ್ಯನಾದ ಅಂತ ಕೇಳಿಕೊಂಡು ಒಂದು ಪುಸ್ತಕ ಬರೆದರು. 1098ರ ಸುಮಾರಿಗೆ ಮುಗಿಸಿದ್ದು. ಅದರಲ್ಲಿ ಬೋಸೋ ಅನ್ನೋ ಶಿಷ್ಯ ಬಿಡದೆ ಪ್ರಶ್ನೆ ಕೇಳುತ್ತಾನೆ. ಅವುಗಳಲ್ಲಿ ಒಂದು ನಮ್ಮದೇ ಪ್ರಶ್ನೆ: ನಮಗೆ ಸುಮ್ನೆ ಕ್ಷಮಿಸಿಬಿಡಿ ಅಂತ ಹೇಳುವ ದೇವರು, ತಾನು ಯಾಕೆ ಸುಮ್ನೆ ಕ್ಷಮಿಸಬಾರದು? ಅನ್ಸೆಲ್ಮ್ ಉತ್ತರ ಹೀಗೆ: ಹಾಗೆ ಬಿಟ್ಟರೆ ತಪ್ಪು ಮಾಡಿದವನಿಗೂ ಮಾಡದವನಿಗೂ ವ್ಯತ್ಯಾಸವೇ ಉಳಿಯಲ್ಲ. ಸಾಲ ಮಾಡಿದ್ದು ಮನುಷ್ಯ, ಆದ್ದರಿಂದ ಮನುಷ್ಯನೇ ಕಟ್ಟಬೇಕು. ಕಟ್ಟುವ ತಾಕತ್ತು ದೇವರಿಗೆ ಮಾತ್ರ. ಅದಕ್ಕೇ ದೇವರು ಮನುಷ್ಯನಾದ.

ಆ ಪುಸ್ತಕದ ಒಂದು ಸಾಲು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಬೋಸೋ, ಒಂದು ಪಶ್ಚಾತ್ತಾಪದ ನಿಟ್ಟುಸಿರು ಬಿಟ್ಟರೆ ಸಾಲದೇ ಅನ್ನುವ ಹಾಗೆ ಮಾತಾಡಿದಾಗ ಅನ್ಸೆಲ್ಮ್ ಹೇಳುತ್ತಾರೆ: ಪಾಪ ಎಷ್ಟು ಭಾರ ಅಂತ ನೀನಿನ್ನೂ ತೂಗಿ ನೋಡಿಲ್ಲ.

ಸ್ವಲ್ಪ ಕಾಲದ ನಂತರ ಅಬೆಲಾರ್ಡ್ ಅನ್ನುವ ಫ್ರಾನ್ಸಿನ ಪಂಡಿತ ತಿರುಗಿಬಿದ್ದ. ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಎಷ್ಟು ಕ್ರೂರ ಅಂತ ಬೈಬಲಿನಲ್ಲಿರುವ, ರೋಮಾಪುರದವರಿಗೆ ಬರೆದ ಪತ್ರಿಕೆಯ ವ್ಯಾಖ್ಯಾನದಲ್ಲಿ ಕೇಳಿದ. ಶಿಲುಬೆ ಪ್ರೀತಿಯನ್ನು ತೋರಿಸಿ ನಮ್ಮ ಮನಸ್ಸನ್ನು ಕರಗಿಸುತ್ತದೆ ಅನ್ನುವುದು ಅವನ ವಾದ. ಹದಿನಾರನೇ ಶತಮಾನದಲ್ಲಿ, ಕಾನೂನು ಓದಿದ್ದ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಸಾಲದ ಮಾತನ್ನು ಶಿಕ್ಷೆಯ ಕಡೆ ತಿರುಗಿಸಿದರು. ನಮ್ಮ ಸಂಡೇ ಸ್ಕೂಲ್ ಜಡ್ಜ್ ಬಂದಿದ್ದು ಆ ದಾರಿಯಲ್ಲೇ. ಇವರೆಲ್ಲರಿಗಿಂತ ಎಷ್ಟೋ ಮುಂಚೆ, ಏಳನೇ ಶತಮಾನದಲ್ಲಿ, ನಿನೆವೆಯ ಬಿಷಪ್ ಆಗಿದ್ದ ಸಿರಿಯಾದ ಇಸಾಕ್ ಇಡೀ ಲೆಕ್ಕವನ್ನೇ ಪಕ್ಕಕ್ಕೆ ಸರಿಸಿದ್ದರು. ದೇವರನ್ನು ನ್ಯಾಯವಂತ ಅನ್ನಬೇಡ, ನಿನ್ನ ವಿಷಯದಲ್ಲಿ ಅವನ ನ್ಯಾಯ ಎಲ್ಲೂ ಕಾಣುತ್ತಿಲ್ಲವಲ್ಲ ಅಂದರು. ಒಂದು ಗಂಟೆ ಕೆಲಸ ಮಾಡಿದವನಿಗೂ ದಿನವಿಡೀ ದುಡಿದವನಿಗೂ ಒಂದೇ ಕೂಲಿ ಕೊಟ್ಟ ದ್ರಾಕ್ಷಿತೋಟದ ಯಜಮಾನನನ್ನು ಜ್ಞಾಪಿಸಿದರು.

ಇಸಾಕ್ ಮಾತು ನನಗೆ ಬಹಳ ಇಷ್ಟ. ನಾನು ತಪ್ಪು ಮಾಡಿದವನಾಗಿದ್ದಾಗ ಮಾತ್ರ. ಮೋಸ ಹೋದವನಾಗಿದ್ದಾಗ ಅನ್ಸೆಲ್ಮ್ ಇಷ್ಟವಾಗುತ್ತಾರೆ.

ಈಗ ಚೀಟಿ ವಿಷಯಕ್ಕೆ ಬರುತ್ತೇನೆ.

ನಾವಿದ್ದದ್ದು ವಿಲ್ಸನ್ ಗಾರ್ಡನ್ನಿನ ಒಂದು ವಠಾರದಲ್ಲಿ. ಅಮ್ಮ ಬ್ಲೌಸ್ ಹೊಲಿಯುತ್ತಿದ್ದಳು, ಸೀರೆಗೆ ಫಾಲ್ ಹಾಕುತ್ತಿದ್ದಳು. ಅಪ್ಪ ಇರಲಿಲ್ಲ. ಹಿಂದಿನ ಬೀದಿಯಲ್ಲಿದ್ದ ನಮ್ಮದೇ ಸಭೆಯ ಒಬ್ಬ ಆಂಟಿ ಚೀಟಿ ನಡೆಸುತ್ತಿದ್ದರು. 25 ಜನ, ತಿಂಗಳಿಗೆ 1,000 ರೂಪಾಯಿ. ಅರ್ಜೆಂಟ್ ಇದ್ದವರು ಇಷ್ಟು ಬಿಡುತ್ತೇನೆ ಅಂತ ಕೂಗಿ ಮೊದಲೇ ಎತ್ತಿಕೊಳ್ಳುತ್ತಿದ್ದರು. ಅಮ್ಮ ಎತ್ತಲಿಲ್ಲ. ಕೊನೆಯಲ್ಲಿ ಎತ್ತಿದರೆ ಜಾಸ್ತಿ ಬರುತ್ತೆ, ನನ್ನ ಕಾಲೇಜಿಗೆ ಆಗುತ್ತೆ ಅಂತ ಅವಳ ಲೆಕ್ಕ. ಇಪ್ಪತ್ತು ತಿಂಗಳು ಕಟ್ಟಿದಳು. ಕಸರು, ಅಂದರೆ ಹಾಗೆ ಬಿಟ್ಟ ದುಡ್ಡಿನಲ್ಲಿ ಅವಳ ಪಾಲು, ಕಳೆದು ಒಟ್ಟು 17,600 ರೂಪಾಯಿ. 1998ರ ಮೇ ತಿಂಗಳ ಒಂದು ಬೆಳಿಗ್ಗೆ ನೋಡಿದರೆ ಆಂಟಿ ಮನೆಗೆ ಬೀಗ.

ನಾನು ಆಗಷ್ಟೇ ಪಿಯುಸಿ ಮುಗಿಸಿದ್ದೆ. ಜೂನ್‌ನಲ್ಲಿ ಅವೆನ್ಯೂ ರೋಡಿನ ಒಂದು ಹೋಲ್‌ಸೇಲ್ ಪೇಪರ್ ಅಂಗಡಿಗೆ ಲೆಕ್ಕ ಬರೆಯಲು ಸೇರಿದೆ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಧ್ಯಾಹ್ನ ಊಟಕ್ಕೆ ರೈಸ್ ಮೆಮೋರಿಯಲ್ ಚರ್ಚ್ ಕಡೆ ನಡೆದುಹೋಗುತ್ತಿದ್ದೆ. ಪೇಟೆಯ ಆ ಗದ್ದಲದಲ್ಲಿ ಕೂತಿರುವ ಹಳೇ ಕನ್ನಡ ಚರ್ಚು ಅದು. ಬೆಂಜಮಿನ್ ಹೋಲ್ಟ್ ರೈಸ್ ಅನ್ನೋ ಮಿಷನರಿಯ ಹೆಸರು ಅದಕ್ಕೆ. ನಮ್ಮ ಶಾಸನಗಳನ್ನೆಲ್ಲ ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ಅಪ್ಪ. ಆ ಗೋಡೆ ಪಕ್ಕ ನಿಂತು ಡಬ್ಬಿ ಬಿಚ್ಚುವಾಗ ನಾನು ಮಾಡುತ್ತಿದ್ದ ಪ್ರಾರ್ಥನೆ ಇಲ್ಲಿ ಬರೆಯುವಂಥದ್ದಲ್ಲ. ಕೀರ್ತನೆಗಳ ಪುಸ್ತಕದಲ್ಲಿ ಅದಕ್ಕಿಂತ ಕೆಟ್ಟ ಪ್ರಾರ್ಥನೆಗಳಿವೆ ಅನ್ನುವುದು ಆಗ ಒಂದು ಸಮಾಧಾನ.

ಎರಡು ವರ್ಷದ ಮೇಲೆ ಆಂಟಿ ವಾಪಸ್ ಬಂದರು. ಸೊರಗಿದ್ದರು. ಒಂದು ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದರು. ದಾರಿ ತಪ್ಪಿದ್ದೆ, ದೇವರು ಹುಡುಕಿಕೊಂಡು ಬಂದ, ನನ್ನ ಪಾಪಗಳನ್ನೆಲ್ಲ ತೊಳೆದ. ಎಲ್ಲರೂ ಸ್ತೋತ್ರ ಅಂದರು. ನಾಲ್ಕನೇ ಬೆಂಚಿನಲ್ಲಿ ಅಮ್ಮ ಕೂತಿದ್ದಳು. ಅವಳೂ ಅಂದಳೋ ಏನೋ, ನಾನು ಅವಳ ಮುಖ ನೋಡಲಿಲ್ಲ.

ನನ್ನ ಸಿಟ್ಟು ಆಂಟಿ ಮೇಲಿದ್ದಷ್ಟೇ ದೇವರ ಮೇಲೂ ಇತ್ತು. ದುಡ್ಡು ಹೋಗಿದ್ದು ನಮ್ಮದು, ಕ್ಷಮಿಸೋಕೆ ಇವನ್ಯಾರು? ಅರಸ ದಾವೀದನೂ ಹಾಗೇ ಅಲ್ವಾ. ಊರೀಯನ ಹೆಂಡತಿಯನ್ನು ಕರೆಸಿಕೊಂಡ, ಊರೀಯನನ್ನು ಯುದ್ಧದಲ್ಲಿ ಸಾಯುವ ಜಾಗಕ್ಕೆ ಕಳಿಸಿದ. ಆಮೇಲೆ 51ನೇ ಕೀರ್ತನೆಯಲ್ಲಿ ದೇವರಿಗೆ ಹೇಳುತ್ತಾನೆ, ನಿನಗೆ ಮಾತ್ರ ವಿರೋಧವಾಗಿ ಪಾಪ ಮಾಡಿದ್ದೇನೆ ಅಂತ. ಮಾತ್ರ! ಊರೀಯನ ಗೋರಿಗೆ ಕಿವಿ ಇದ್ದಿದ್ದರೆ?

ಯೆಹೂದಿಗಳ ಮಿಷ್ನಾ ಗ್ರಂಥದಲ್ಲಿ ಇದಕ್ಕೆ ಖಡಕ್ ನಿಯಮವಿದೆ. ಮನುಷ್ಯನಿಗೂ ದೇವರಿಗೂ ನಡುವಿನ ಪಾಪವನ್ನು ದೋಷಪರಿಹಾರದ ದಿನ ತೊಳೆಯುತ್ತದೆ. ಮನುಷ್ಯನಿಗೂ ಮನುಷ್ಯನಿಗೂ ನಡುವಿನದ್ದನ್ನು, ಆ ಇನ್ನೊಬ್ಬನನ್ನು ಸಮಾಧಾನ ಮಾಡುವ ತನಕ ತೊಳೆಯಲ್ಲ. ಯೇಸು ಹೇಳಿದ್ದೂ ಹೆಚ್ಚು ಕಡಿಮೆ ಇದೇ. ಕಾಣಿಕೆ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ಜ್ಞಾಪಕ ಬಂದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು. ತೆರಿಗೆ ವಸೂಲಿಗಾರ ಜಕ್ಕಾಯ ಯೇಸುವಿನ ಮುಂದೆ ಎದ್ದು ನಿಂತ. ಮೋಸ ಮಾಡಿ ತಗೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂದ. ಆಮೇಲೆಯೇ ಯೇಸು, ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಅಂದದ್ದು.

ಆಂಟಿಯೂ ಬಂದರು, ಅದನ್ನು ಒಪ್ಪಿಕೊಳ್ಳಲೇಬೇಕು. ಮಾರನೇ ಭಾನುವಾರ ನಮ್ಮ ಬಾಗಿಲಲ್ಲಿ ನಿಂತಿದ್ದರು. ಅಮ್ಮ ಮಿಷನ್ ಮುಂದೆ ಕೂತಿದ್ದಳು.

"ಅಕ್ಕಾ, ದೇವರು ನನ್ನನ್ನ ಕ್ಷಮಿಸಿದಾನೆ. ನೀವೂ ಕ್ಷಮಿಸಿಬಿಡಿ."

ಅಮ್ಮ ಕಾಲು ತುಳಿಯುವುದನ್ನು ನಿಲ್ಲಿಸಿದಳು. "ಎಷ್ಟು?"

"ಏನಕ್ಕಾ?"

"ಎಷ್ಟು ಅಂತ ಹೇಳು."

"ಅದೆಲ್ಲ ಈಗ ಯಾಕಕ್ಕಾ..."

"ಎಷ್ಟು ಅಂತ ಮೊದಲು ಹೇಳು. ಆಮೇಲೆ ಬಿಡೋದೋ ಬೇಡವೋ ನೋಡೋಣ. ಎಷ್ಟು ಅಂತ್ಲೇ ಹೇಳದೆ ಏನನ್ನ ಬಿಡಲಿ ನಾನು?"

ಆಂಟಿ ಬಾಯಿಂದ ಅಂಕಿ ಹೊರಡಲಿಲ್ಲ. ಕೊನೆಗೆ ಅಮ್ಮನೇ ಹೇಳಿದಳು. ಹದಿನೇಳು ಸಾವಿರದ ಆರುನೂರು. ಆ ವಠಾರದಲ್ಲಿ ಗೋಡೆಗಳು ತೆಳು, ಎಲ್ಲರಿಗೂ ಕೇಳಿಸಿತು. ಆಮೇಲೆ ಕಾಫಿ ಕೊಟ್ಟಳು. ನನಗೆ ಮೈ ಉರಿಯಿತು.

ಆಂಟಿ ತಿಂಗಳಿಗೆ 300ರಂತೆ ಏಳು ತಿಂಗಳು ತಂದುಕೊಟ್ಟರು. ಎಂಟನೇ ಸಲ ಬಂದಾಗ ಅಮ್ಮ, "ಸಾಕು, ಇನ್ಮೇಲೆ ತರಬೇಡ," ಅಂದಳು. ಆಂಟಿಯ ಗಂಡ ಆಗ ಹಾಸಿಗೆ ಹಿಡಿದಿದ್ದರು. ಉಳಿದ 15,500 ಅಲ್ಲಿಗೆ ಬಿಟ್ಟಂತಾಯಿತು.

ನಾನು ಲೆಕ್ಕ ಬರೆಯುವ ಮನುಷ್ಯ. ಒಂದು ವಿಷಯ ಅಂಗಡಿಯಲ್ಲೇ ಕಲಿತೆ. ಯಾರೋ ಗಿರಾಕಿ ಕೈ ಎತ್ತಿದ ಅಂದರೆ ಅವನ ಬಾಕಿಯನ್ನು ರೈಟ್ ಆಫ್ ಮಾಡುತ್ತೇವೆ. ಅವನ ಖಾತೆಗೆ ಕ್ರೆಡಿಟ್ ಕೊಟ್ಟು ಸೊನ್ನೆ ಮಾಡುತ್ತೇವೆ. ಆದರೆ ಆ ಮೊತ್ತ ಮಾಯವಾಗಲ್ಲ. ಬ್ಯಾಡ್ ಡೆಟ್ಸ್ ಅಂತ ಡೆಬಿಟ್ ಆಗಿ, ವರ್ಷದ ಕೊನೆಗೆ ನಮ್ಮ ಯಜಮಾನರ ನಷ್ಟದ ಕಡೆಗೆ ಬಂದು ಕೂರುತ್ತದೆ. ಒಂದು ರೂಪಾಯಿಯೂ ಕಡಿಮೆ ಇಲ್ಲದೆ. ಸರ್ಕಾರದ ಸಾಲ ಮನ್ನಾನೂ ಅಷ್ಟೇ. ರೈತನ ತಲೆಯಿಂದ ಇಳಿದದ್ದು ಬೊಕ್ಕಸದ ತಲೆ ಮೇಲೆ ಏರಿರುತ್ತದೆ. ಬಿಟ್ಟ ಸಾಲ ಅಂದರೆ ಯಾರೂ ಕಟ್ಟದ ಸಾಲ ಅಲ್ಲ. ಕೊಟ್ಟವನೇ ಕಟ್ಟಿದ ಸಾಲ.

ಮತ್ತಾಯ 18ರಲ್ಲಿ ಯೇಸು ಹೇಳಿದ ಕಥೆಯನ್ನು ಒಂದು ರಾತ್ರಿ ಕ್ಯಾಲ್ಕುಲೇಟರ್ ಹಿಡಿದು ಓದಿದೆ. ಅರಸನಿಗೆ ಸೇವಕ 10,000 ತಲಾಂತು ಕೊಡಬೇಕು. ಒಂದು ತಲಾಂತು 6,000 ದಿನಾರಿ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಆರು ಕೋಟಿ ದಿನದ ಕೂಲಿ! ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷ. ಇನ್ನೊಬ್ಬ ಸೇವಕ ಇವನಿಗೆ ಕೊಡಬೇಕಾಗಿದ್ದು 100 ದಿನಾರಿ, ನಾಲ್ಕು ತಿಂಗಳ ಸಂಬಳ. ಅದೂ ಚಿಕ್ಕ ಮೊತ್ತ ಏನಲ್ಲ, ನಮ್ಮ ಚೀಟಿಯಂತೆ. ಕಥೆಯಲ್ಲಿ ಅರಸ ಕನಿಕರಪಟ್ಟು ಬಿಟ್ಟ ಅಂತ ಅರ್ಧ ಸಾಲಿನಲ್ಲಿ ಮುಗಿಯುತ್ತದೆ. ಅವತ್ತು ಅರಸನ ಖಜಾನೆಯ ಲೆಕ್ಕಿಗನ ಪಾಡು ಏನಾಗಿರಬೇಡ ಅಂತ ನನಗೆ ಯೋಚನೆ. ಅಷ್ಟು ದೊಡ್ಡ ಹೊಂಡವನ್ನು ಯಾವ ಖಾತೆಯಲ್ಲಿ ತೋರಿಸುವುದು? ಕಥೆ ಹೇಳುತ್ತಿದ್ದವನಿಗೆ ಗೊತ್ತಿತ್ತು. ಅದು ಯಾವ ಖಾತೆಗೆ ಬೀಳಲಿದೆ ಅಂತ ತಿಳಿದೇ ಅವನು ಯೆರೂಸಲೇಮಿನ ದಾರಿ ಹಿಡಿದಿದ್ದ.

ಅಪೊಸ್ತಲ ಪೌಲನೂ ಇಂಥಾ ಕಡೆ ಲೆಕ್ಕದ ಭಾಷೆಯನ್ನೇ ಆಡುತ್ತಾನೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಐದನೇ ಅಧ್ಯಾಯದಲ್ಲಿ, ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನ ಜೊತೆ ಸಮಾಧಾನಪಡಿಸಿಕೊಂಡ, ಅವರ ಅಪರಾಧಗಳನ್ನು ಅವರ ಲೆಕ್ಕಕ್ಕೆ ಹಿಡಿಯಲಿಲ್ಲ ಅನ್ನುತ್ತಾನೆ. "ಕ್ರಿಸ್ತನಲ್ಲಿದ್ದು" ಅನ್ನುವುದನ್ನು ಬಿಟ್ಟು ಓದಿದ್ದೇ ನನ್ನ ಹಳೇ ತಕರಾರಿಗೆ ಕಾರಣ. ಜಡ್ಜ್ ದಾರಿಯಲ್ಲಿ ಹೋಗುತ್ತಿದ್ದ ಯಾರನ್ನೋ ಹಿಡಿದು ತಂದು ನೇಣಿಗೆ ಹಾಕಿದ ಅಂದುಕೊಂಡರೆ ಅದು ಅನ್ಯಾಯವೇ. ಆದರೆ ಇಲ್ಲಿ ಮೂರನೆಯವನು ಯಾರೂ ಇಲ್ಲ. ಸಾಲ ಕೊಟ್ಟವನು ತಾನೇ ನಷ್ಟ ಹೊತ್ತ. ನಮ್ಮಮ್ಮ ಮಾಡಿದ್ದು ಅದೇ. ಅವಳನ್ನು ಕ್ರೂರಿ ಅಂತ ಅಬೆಲಾರ್ಡ್ ಕೂಡ ಅನ್ನುತ್ತಿರಲಿಲ್ಲ.

ಇಲ್ಲೊಂದು ಮುಳ್ಳಿದೆ. ಅಮ್ಮ ಬಿಟ್ಟಳು, ನಿಜ. ಕಟ್ಟಿದ್ದು ನಾನು. ಹಗಲು ಕಾಲೇಜು ಕೈತಪ್ಪಿಹೋಗಿದ್ದು ನನಗೆ. ನನ್ನನ್ನು ಒಂದು ಮಾತು ಕೇಳದೆ ನನ್ನ ತಲೆ ಮೇಲಿಂದ ಕ್ಷಮೆ ದಾಟಿಹೋಯಿತು. ಬಹಳ ವರ್ಷ ಅವಳ ಜೊತೆ ಇದೇ ಜಗಳ. ಅವಳು ವಾದಿಸುತ್ತಿರಲಿಲ್ಲ. "ಹೌದು ಕಣೋ, ನಿನಗೆ ನಾನು ಬಾಕಿ," ಅಂದುಬಿಡುತ್ತಿದ್ದಳು. ಆ ಮಾತಿಗೆ ನನ್ನ ಹತ್ತಿರ ಜವಾಬು ಇರಲಿಲ್ಲ.

ದೇವರ ಕ್ಷಮೆ ನನ್ನಂಥವರ ತಲೆ ಮೇಲಿಂದ ದಾಟಿಹೋಗಲ್ವಾ? ಹದಿನೈದು ನಿಮಿಷದ ಮಾತಿಗೆ ನಾನು ತಯಾರಿ ಮಾಡಿದ್ದರಲ್ಲಿ ಹೆಚ್ಚು ಹೊತ್ತು ತಿಂದಿದ್ದು ಇದೇ. ನನಗೆ ಹೊಳೆದದ್ದು ಇಷ್ಟು: ಅವತ್ತು ಕ್ಷಮಿಸು ಅಂದವನು ಜಡ್ಜ್ ಪೀಠದ ಮೇಲೆ ಕೂತಿದ್ದವನಲ್ಲ, ಕಟಕಟೆಯಲ್ಲಿ ನಿಂತಿದ್ದವನು. ಮೋಸ ಹೋದವರ ಸಾಲಿನಲ್ಲಿ ನಿಂತೇ ಅವನು ಆ ಮಾತು ಆಡಿದ. ಇವನಲ್ಲಿ ನನಗೆ ತಪ್ಪು ಕಾಣುತ್ತಿಲ್ಲ ಅಂತ ತೀರ್ಪು ಕೊಟ್ಟ ರೋಮನ್ ಅಧಿಪತಿ ಪಿಲಾತ ಯೋಹಾನನ ಸುವಾರ್ತೆಯಲ್ಲಿ ಮೂರು ಸಲ ಹೇಳುತ್ತಾನೆ. ಹೇಳಿಯೂ ಒಪ್ಪಿಸಿಬಿಡುತ್ತಾನೆ. ಶುಕ್ರವಾರದ ಆ ತೀರ್ಪಿನಲ್ಲಿ ನ್ಯಾಯ ಹುಡುಕಿದ್ದೇ ನನ್ನ ತಪ್ಪು. ಅದು ತಪ್ಪು ತೀರ್ಪು. ಮೇಲಿನ ಕೋರ್ಟು ಭಾನುವಾರ ಬೆಳಿಗ್ಗೆ ಅವನನ್ನು ಸಾವಿನಿಂದ ಎಬ್ಬಿಸಿ ಅದನ್ನು ರದ್ದು ಮಾಡಿತು. ಯೇಸು ನಮ್ಮನ್ನು ನೀತಿವಂತರೆಂದು ನಿರ್ಣಯಿಸುವುದಕ್ಕಾಗಿ ಎಬ್ಬಿಸಲ್ಪಟ್ಟ ಅಂತ ರೋಮಾಪುರ 4ರ ಕೊನೆಯಲ್ಲಿ ಪೌಲ ಬರೆಯುವುದನ್ನು ಹಾಗೆ ಓದಬೇಕು ಅಂತ ನನಗೀಗ ಅನಿಸುತ್ತದೆ. ಊರೀಯನ ಪರವಾಗಿಯೂ ಅಲ್ಲಿ ಒಬ್ಬರು ಎದ್ದು ನಿಂತಿದ್ದಾರೆ ಅಂತ.

ಶಿಲುಬೆಯಲ್ಲಿ ಮೊತ್ತವನ್ನು ಜೋರಾಗಿ ಓದಲಾಯಿತು. ಎಲ್ಲರಿಗೂ ಕೇಳುವ ಹಾಗೆ, ವಠಾರದ ಗೋಡೆ ದಾಟುವ ಹಾಗೆ. ಇಷ್ಟು ಭಾರ ಇದು ಅಂತ. ಅದನ್ನು ಒಂದು ಪೈಸೆ ಕಮ್ಮಿ ಮಾಡಿ ಬರೆಯಲಿಲ್ಲ, ಅದು ನ್ಯಾಯ. ನಮ್ಮ ಹತ್ತಿರ ವಸೂಲಿ ಮಾಡಲಿಲ್ಲ, ಅದು ಕರುಣೆ. ಪುಲ್ಪಿಟ್ಟಿನಲ್ಲಿ ನಾನು ಹೇಳಿದ್ದು ಹೆಚ್ಚು ಕಡಿಮೆ ಇಷ್ಟೇ. ಚೀಟಿ ಕಥೆ ಹೇಳಲಿಲ್ಲ. ಹದಿನೇಳು ನಿಮಿಷ ಆಯಿತು, ಪಾಸ್ಟರ್ ಎರಡು ಸಲ ಗಡಿಯಾರ ನೋಡಿದರು.

ಅಮ್ಮ ತೀರಿಕೊಂಡು ಎರಡು ವರ್ಷ. ಅವಳ ಟ್ರಂಕಿನಲ್ಲಿ ಬ್ಲೌಸಿನ ಅಳತೆ ಪುಸ್ತಕಗಳ ನಡುವೆ ಚೀಟಿ ಪುಸ್ತಕ ಸಿಕ್ಕಿತ್ತು. ಕಟ್ಟಿದ ಇಪ್ಪತ್ತು ಸಾಲು, ವಾಪಸ್ ಬಂದ ಏಳು ಸಾಲು. ಕೆಳಗೆ ಬಾಕಿ 15,500. ಅದನ್ನು ಹೊಡೆದುಹಾಕಿರಲಿಲ್ಲ. ಪಕ್ಕದಲ್ಲಿ ಏನೂ ಬರೆದಿರಲೂ ಇಲ್ಲ.

ಆರಾಧನೆ ಮುಗಿದ ಮೇಲೆ ಹೊರಗೆ ಶಾಮಿಯಾನದ ಕೆಳಗೆ ನೀರುಮಜ್ಜಿಗೆ ಕೊಡುತ್ತಿದ್ದರು. ಸಾಲಿನಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ ಮೊಣಕೈ ಮುಟ್ಟಿದರು. ಆಂಟಿ. ಈಗ ಎಪ್ಪತ್ತು ದಾಟಿರಬೇಕು, ಕೈಯಲ್ಲಿ ಕೋಲು.

"ಚೆನ್ನಾಗಿ ಹೇಳಿದೆಯಪ್ಪ," ಅಂದರು.

"ಥ್ಯಾಂಕ್ಸ್ ಆಂಟಿ."

ಲೋಟ ತಗೊಂಡರು. ಕುಡಿಯಲಿಲ್ಲ. ಸ್ವಲ್ಪ ಹೊತ್ತು ನೆಲ ನೋಡುತ್ತಾ ನಿಂತಿದ್ದರು.

"ಹದಿನೈದು ಸಾವಿರದ ಐನೂರು," ಅಂದರು.

"ಹೌದು ಆಂಟಿ," ಅಂದೆ.

ಮಜ್ಜಿಗೆಗೆ ಉಪ್ಪು ಕಮ್ಮಿಯಾಗಿತ್ತು. ಆಂಟಿ ಕೋಲನ್ನು ನನ್ನ ಕೈಗೆ ಕೊಟ್ಟು, ಟೇಬಲ್ ಮೇಲಿದ್ದ ಉಪ್ಪಿನ ಬಟ್ಟಲನ್ನು ಹತ್ತಿರ ಎಳೆದುಕೊಂಡು, ಮೊದಲು ನನ್ನ ಲೋಟಕ್ಕೆ ಹಾಕಿದರು.